ರಾಗಿಯ ಸಿಪ್ಪೆಯೂ ಕರುಳಿನ ಒಕ್ಕಲೂ



ಬೆಂಗಳೂರಿನಿಂದ ಹೊರಟು ಅತ್ತಿಬೆಲೆಯನ್ನು ದಾಟಿ ಹೊಸೂರನ್ನು ಹೊಕ್ಕವರಿಗೆ ಒಂದು ರಾಜ್ಯ ಮುಗಿದು ಇನ್ನೊಂದು ಮೊದಲಾಯಿತೆಂಬ ಸಂಗತಿ ಅಂಗಡಿಗಳ ಮೇಲಣ ಅಕ್ಷರಗಳಿಂದ ತಿಳಿದೀತೇ ಹೊರತು ಹೊಲಗಳಿಂದ ತಿಳಿಯಲಾರದು. ಆನೇಕಲ್ಲಿನ ಕೆಮ್ಮಣ್ಣೇ ಬಾಗಲೂರಿನಲ್ಲಿಯೂ ಇದೆ. ಆ ಮಣ್ಣಿನಲ್ಲಿ ಬೆಳೆಯುವ ಪೈರೂ ಬಹುಮಟ್ಟಿಗೆ ಅದೇ. ಕಾರ್ತಿಕ ಮಾಸದಲ್ಲಿ ತಳಿ, ಡೆಂಕಣಿಕೋಟೆ, ಕೆಳಮಂಗಲ, ಶೂಲಗಿರಿಗಳ ಕಡೆ ಸಂಚರಿಸಿದರೆ ತೆನೆ ಬಲಿತು ಬಾಗಿದ ರಾಗಿಯ ಹೊಲಗಳು ರಸ್ತೆಯ ಎರಡು ಮಗ್ಗುಲಿಗೂ ಕಾಣುತ್ತವೆ. ಕನ್ನಡವನ್ನೋ ತೆಲುಗನ್ನೋ ತಮಿಳನ್ನೋ ಮನೆಮಾತಾಗಿ ಉಳ್ಳ ಅಲ್ಲಿನ ಜನ ಮುದ್ದೆಯೆಂದೂ ಸಂಗಟಿಯೆಂದೂ ಕಳಿಯೆಂದೂ ಕರೆದು ಉಣ್ಣುವ ಪದಾರ್ಥ ಒಂದೇ. ಈ ಪದಾರ್ಥದಲ್ಲಿ ಉಂಡವನಿಗೆ ದಕ್ಕದೆ ಹೋಗುವ ಭಾಗವೊಂದುಂಟು. ಆ ದಕ್ಕದ ಭಾಗ ಎಲ್ಲಿಗೆ ಹೋಗುತ್ತದೆ, ಯಾರಿಗೆ ಸಲ್ಲುತ್ತದೆ, ಅದರ ಸಲ್ಲುವಿಕೆಯಿಂದ ನಮ್ಮ ರೋಗನಿರೋಧಕ ವ್ಯವಸ್ಥೆಗೆ ಏನು ಒದಗುತ್ತದೆ ಎಂಬುದೇ ಇಂದಿನ ಭಾಷಣದ ವಿಷಯ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೧೭ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳನ್ನು ತೆರೆದು ನೋಡಿದರೆ, ನೂರು ಗ್ರಾಂ ರಾಗಿಯಲ್ಲಿ ನಾರಿನಂಶ ಸುಮಾರು ೧೧ ಗ್ರಾಂ ಎಂದೂ, ಅಷ್ಟೇ ತೂಕದ ಹೊಳಪು ಕೊಟ್ಟ ಅಕ್ಕಿಯಲ್ಲಿ ಅದು ಮೂರು ಗ್ರಾಮಿಗೂ ಕಡಿಮೆಯೆಂದೂ ಕಾಣುತ್ತದೆ. ಗೋಧಿಯನ್ನು ಜರಡಿಯಾಡದೆ ಬೀಸಿದ ಹಿಟ್ಟು ನಾರಿನ ವಿಷಯದಲ್ಲಿ ರಾಗಿಗೆ ಸರಿಸಮಾನವೆಂಬುದನ್ನೂ, ನಮ್ಮ ಧಾನ್ಯದ ಅಭಿಮಾನಕ್ಕೆ ಸಿಕ್ಕಿ ಮರೆಮಾಚದೆ, ಇಲ್ಲಿಯೇ ಹೇಳಿಬಿಡುತ್ತೇನೆ. ರಾಗಿಯ ವಿಶೇಷವಿರುವುದು ಬೇರೊಂದು ಕಡೆ, ಅಲ್ಲಿಗೆ ಮುಂದೆ ಬರೋಣ. ಈ ನಾರೆಂಬುದು ಸಸ್ಯಕೋಶಗಳ ಗೋಡೆಯ ದ್ರವ್ಯ. ಸೆಲ್ಯುಲೋಸ್, ಅರಬಿನೋಜೈಲಾನ್ ಮೊದಲಾದ, ಸಕ್ಕರೆಯ ಕಣಗಳೇ ಉದ್ದುದ್ದವಾಗಿ ಹೆಣೆದುಕೊಂಡು ಆದ ಈ ವಸ್ತುಗಳ ಹೆಣಿಗೆಯನ್ನು ಬಿಚ್ಚತಕ್ಕ ಕಿಣ್ವಗಳು ಮನುಷ್ಯನ ಜಠರದಲ್ಲಿಯೂ ಇಲ್ಲ, ಸಣ್ಣ ಕರುಳಿನಲ್ಲಿಯೂ ಇಲ್ಲ. ಆದುದರಿಂದ ಹಳೆಯ ಕಾಲದ ಆಹಾರಶಾಸ್ತ್ರಜ್ಞರು ನಾರನ್ನು ಲೆಕ್ಕದ ಕೊನೆಯಲ್ಲಿ ಉಳಿಯುವ ಕಸವೆಂದು ಬಗೆದರು. ಹೊಟ್ಟೆಯನ್ನು ಸಡಿಲಗೊಳಿಸುವುದೊಂದನ್ನು ಬಿಟ್ಟು ಅದಕ್ಕೆ ಬೇರೆ ಪ್ರಯೋಜನವನ್ನು ಆರೋಪಿಸಲಿಲ್ಲ.

ಕಸವೆಂಬ ಅಪವಾದಕ್ಕೆ ನಾರು ಮಾತ್ರವಲ್ಲ, ಅದು ಹೋಗಿ ಸೇರುವ ದೊಡ್ಡ ಕರುಳೂ ಗುರಿಯಾಗಿತ್ತು. ದೇಹವನ್ನು ಹೊಕ್ಕ ರೋಗಾಣುಗಳನ್ನು ನಮ್ಮ ಬಿಳಿಯ ರಕ್ತಕಣಗಳು ನುಂಗಿಹಾಕುತ್ತವೆಂದು ಕಂಡುಹಿಡಿದು ೧೯೦೮ರ ನೊಬೆಲ್ ಪಾರಿತೋಷಕದಲ್ಲಿ ಪಾಲುಪಡೆದ ಎಲೀ ಮೆಚ್ನಿಕೋವ್ ಮಹಾಶಯರು, ದೊಡ್ಡ ಕರುಳು ತನ್ನೊಳಗಿನದನ್ನು ಕೊಳೆಯಿಸಿ ವಿಷವನ್ನು ಹುಟ್ಟಿಸುವ ನಿರರ್ಥಕ ಅಂಗವೆಂದು ನಂಬಿದ್ದರು. ಲಂಡನ್ನಿನಲ್ಲಿ ಆರ್ಬತ್‌ನಾಟ್ ಲೇನ್ ಎಂಬ ಶಸ್ತ್ರವೈದ್ಯರು ಇಂಥದೇ ನಂಬಿಕೆಯಿಂದ ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಮಹಾಪ್ರಾಜ್ಞರ ಅಂಧಶ್ರದ್ಧೆಗೆ ಬೆಲೆ ತೆರುವವರು ಸಾಮಾನ್ಯವಾಗಿ ಇತರರೇ ಅಲ್ಲವೆ? ಆದರೆ ಅದೇ ಮೆಚ್ನಿಕೋವರು ಹುಳಿ ಮೊಸರಿನ ಅಣುಜೀವಿಗಳು ಆಯುಷ್ಯವನ್ನು ವೃದ್ಧಿಪಡಿಸಬಹುದೆಂದು ೧೯೦೭ರಲ್ಲಿ ಬರೆದು, ಕರುಳಿನ ಅಣುಜೀವಿಗಳಲ್ಲಿ ಮಿತ್ರರೂ ಇರಬಹುದೆಂಬ ವಿಚಾರಕ್ಕೆ ಬೀಜವನ್ನು ಹಾಕಿದರೆಂಬುದನ್ನು ಮರೆಯಲಾಗದು.

ಆಗ ಹೊಸೂರು ಸೇಲಂ ಜಿಲ್ಲೆಯ ತಾಲ್ಲೂಕು. ಸೇಲಂ ಮದರಾಸು ಪ್ರಾಂತದ ಜಿಲ್ಲೆ. ಅದೇ ಪ್ರಾಂತದ ಕೂನೂರಿನ ಬೆಟ್ಟದ ಮೇಲೆ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೈನ್ಯದ ವೈದ್ಯರು ಆಹಾರಕ್ಕೂ ಕರುಳಿಗೂ ಇರುವ ಸಂಬಂಧವನ್ನು ಪರೀಕ್ಷಿಸುತ್ತಿದ್ದರು. ಸತ್ತ್ವಹೀನವಾದ ಆಹಾರವನ್ನು ತಿನ್ನಿಸಿದ ಕೋತಿಗಳ ಕರುಳಿನ ಗೋಡೆಗಳು ತೆಳುವಾಗಿ, ಉರಿಯೂತಕ್ಕೆ ಈಡಾಗಿ, ಆಮಶಂಕೆಯಂಥ ವ್ಯಾಧಿಗಳು ಅಲ್ಲಿ ಸುಲಭವಾಗಿ ನೆಲೆಸುವುದನ್ನು ಕಂಡು, ೧೯೨೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಅದನ್ನು ವಿಸ್ತಾರವಾಗಿ ವರ್ಣಿಸಿದರು. ಅನ್ನಾಂಗಗಳ ಅಭಾವವೇ ಇದಕ್ಕೆ ಮುಖ್ಯ ಕಾರಣವೆಂಬುದು ಅವರ ಅಭಿಪ್ರಾಯ. ಕರುಳಿನ ಅಣುಜೀವಿಗಳನ್ನು ಒಂದೊಂದಾಗಿ ಗುರುತಿಸುವ ಉಪಾಯವಿಲ್ಲದ ಆ ಕಾಲದಲ್ಲಿ ಅದಕ್ಕಿಂತ ಮುಂದೆ ಹೋಗುವುದು ಸಾಧ್ಯವೂ ಇರಲಿಲ್ಲ. ಆದರೂ ಕರುಳಿನ ಗೋಡೆಯ ಆರೋಗ್ಯ ತಟ್ಟೆಯಲ್ಲಿ ಬಡಿಸಿದ್ದರಿಂದ ನಿರ್ಣಯವಾಗುತ್ತದೆಂಬ ಮಾತನ್ನು ಈ ದಕ್ಷಿಣ ದೇಶದಲ್ಲಿ ಪ್ರಯೋಗಪೂರ್ವಕವಾಗಿ ಆಡಿದವರಲ್ಲಿ ಅವರು ಮೊದಲಿಗರು. ಅವರ ಪ್ರಯೋಗಶಾಲೆಯೇ ಬೆಳೆದು, ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ನಾನು ಈಗತಾನೆ ಹೆಸರಿಸಿದ ರಾಷ್ಟ್ರೀಯ ಸಂಸ್ಥೆಯಾಯಿತು.

ಈಗ ಆ ಅಣುಜೀವಿಗಳನ್ನು ಎಣಿಸಿದವರೂ ಇದ್ದಾರೆ. ಸಾಧಾರಣ ಮೈಕಟ್ಟಿನ ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು ೩೮ ಲಕ್ಷ ಕೋಟಿ ಬ್ಯಾಕ್ಟೀರಿಯಗಳು ಇರುತ್ತವೆಂದೂ, ಅವೆಲ್ಲವನ್ನೂ ಒಟ್ಟುಗೂಡಿಸಿ ತೂಗಿದರೆ ಇನ್ನೂರು ಗ್ರಾಂ ಆದೀತೆಂದೂ ೨೦೧೬ರ ಗಣನೆಯೊಂದು ಹೇಳುತ್ತದೆ. ಇವುಗಳಲ್ಲಿ ಬಹುತೇಕ ಎಲ್ಲವೂ ದೊಡ್ಡ ಕರುಳಿನ ನಿವಾಸಿಗಳು. ನಮಗೆ ಅಜೀರ್ಣವಾದ ನಾರು ಅಲ್ಲಿಗೆ ಬಂದಾಗ, ನಮ್ಮಲ್ಲಿಲ್ಲದ ನೂರಾರು ಕಿಣ್ವಗಳನ್ನು ಪ್ರಯೋಗಿಸಿ ಅವು ಅದನ್ನು ಬಿಡಿಸಿ, ಹುಳಿಯಿಸಿ, ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಮೂರು ಸಣ್ಣ ಆಮ್ಲಗಳನ್ನು ಉತ್ಪಾದಿಸುತ್ತವೆ. ಹೀಗೆ ಹಿತಕಾರಿಯಾದ ಅಣುಜೀವಿಗಳಿಗೆ ಆಹಾರವಾಗಿ, ಆ ಮೂಲಕ ನಮಗೆ ಹಿತವನ್ನುಂಟುಮಾಡುವ ಪದಾರ್ಥಕ್ಕೆ ಪ್ರೀಬಯಾಟಿಕ್ ಎಂಬ ಹೆಸರನ್ನು ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರೋಬರ್‌ಫ್ರಾಯ್ಡ್ ಎಂಬ ಇಬ್ಬರು ವಿದ್ವಾಂಸರು ೧೯೯೫ರಲ್ಲಿ ಇಟ್ಟರು. ಹೆಸರು ಹೊಸದು, ವಸ್ತು ಪುರಾತನ. ತಾಯಿಯ ಹಾಲಿನಲ್ಲಿ ಇನ್ನೂರಕ್ಕೂ ಮಿಕ್ಕಿದ ಬಗೆಯ ಸಂಕೀರ್ಣ ಸಕ್ಕರೆಗಳಿವೆ. ಅವುಗಳನ್ನು ಜೀರ್ಣಿಸಿಕೊಳ್ಳುವ ಶಕ್ತಿ ಆ ಹಾಲನ್ನು ಕುಡಿಯುವ ಕೂಸಿಗೇ ಇಲ್ಲ. ಹೆತ್ತವಳು ತನ್ನ ದೇಹವನ್ನು ಸವೆಸಿ, ಕೂಸಿಗೆ ದಕ್ಕದ ಸಕ್ಕರೆಯನ್ನು ಹಾಲಿನಲ್ಲಿ ಬೆರೆಸಿಕೊಡುವುದು, ಕೂಸಿನ ಕರುಳಿನಲ್ಲಿ ನೆಲೆಗೊಳ್ಳಬೇಕಾದ ಬೈಫಿಡೋಬ್ಯಾಕ್ಟೀರಿಯಗಳ ಸಲುವಾಗಿ. ಅತಿಥಿಯನ್ನು ಮುಂದಿಟ್ಟುಕೊಂಡೇ ಊಟಕ್ಕೆ ಕೂರಬೇಕೆಂಬ ನಿಯಮವನ್ನು ಪ್ರಕೃತಿ ಮನುಷ್ಯನ ಮೊದಲ ತುತ್ತಿನಿಂದಲೇ ಪಾಲಿಸಿಕೊಂಡು ಬಂದಿದೆ.

ಬ್ಯುಟಿರೇಟಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ದೊಡ್ಡ ಕರುಳಿನ ಒಳಮೈಗೆ ಹೊದಿಕೆಯಾಗಿರುವುದು ಒಂದೇ ಒಂದು ಕಣದಷ್ಟು ದಪ್ಪದ ಪದರ. ಕೆಲವೇ ದಿನಗಳಿಗೊಮ್ಮೆ ಹಳೆಯ ಕಣಗಳು ಉದುರಿ ಹೊಸವು ಬರುತ್ತಿರುವ ಈ ತೆಳುವಾದ ಪದರವೇ ಅಸಂಖ್ಯಾತ ಅಣುಜೀವಿಗಳಿಗೂ ನಮ್ಮ ರಕ್ತಕ್ಕೂ ನಡುವಣ ಗಡಿ. ದೇಹದ ಇತರ ಅನೇಕ ಕಣಗಳು ರಕ್ತದಲ್ಲಿ ಬರುವ ಗ್ಲೂಕೋಸಿನಿಂದ ಜೀವಿಸುತ್ತಿರುವಾಗ, ಈ ಗಡಿಯ ಕಣಗಳು ತಮಗೆ ಬೇಕಾದ ಶಕ್ತಿಯ ಬಹುಭಾಗವನ್ನು ಬ್ಯಾಕ್ಟೀರಿಯಗಳು ಕೊಟ್ಟ ಬ್ಯುಟಿರೇಟಿನಿಂದಲೇ ಪಡೆಯುತ್ತವೆಂದು ರೋಡಿಗರ್ ಎಂಬ ವೈದ್ಯವಿಜ್ಞಾನಿ ೧೯೮೦ರಲ್ಲಿ ತೋರಿಸಿದರು. ಅದನ್ನು ದಹಿಸುವಾಗ ಅವು ಆಮ್ಲಜನಕವನ್ನು ಬಳಸಿಬಿಡುವುದರಿಂದ ಕರುಳಿನ ಒಳಾವರಣ ಆಮ್ಲಜನಕರಹಿತವಾಗಿಯೇ ಉಳಿಯುತ್ತದೆ. ಸಜ್ಜನ ಅಣುಜೀವಿಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಅದೇ, ಅತಿಸಾರವನ್ನುಂಟುಮಾಡುವ ದುರ್ಜನರಲ್ಲಿ ಅನೇಕರಿಗೆ ಒಗ್ಗದ್ದೂ ಅದೇ.

ಇನ್ನು ನಿರೋಧಕ ಶಕ್ತಿಯ ಮಾತು. ಈ ಶಬ್ದವನ್ನು ಈಚಿನ ವರ್ಷಗಳಲ್ಲಿ, ವಿಶೇಷವಾಗಿ ಕೊರೋನಾ ಮಹಾಮಾರಿಯ ಅನಂತರ, ಚೂರ್ಣ ಲೇಹ್ಯಗಳನ್ನು ಮಾರುವವರು ಎಷ್ಟು ಸವೆಸಿದ್ದಾರೆಂದರೆ, ನಿರೋಧಕ ಶಕ್ತಿಯೆಂಬುದು ಹೆಚ್ಚಿದಷ್ಟೂ ಲೇಸೆಂಬ ಭಾವನೆ ಜನರಲ್ಲಿ ಬೇರೂರಿಬಿಟ್ಟಿದೆ. ವಾಸ್ತವವಾಗಿ ನಮ್ಮನ್ನು ಕಾಡುವ ವ್ಯಾಧಿಗಳಲ್ಲಿ ಕೆಲವು ಆ ಶಕ್ತಿಯ ಕೊರತೆಯಿಂದ ಬರುವಂತೆಯೇ ಕೆಲವು ಅದರ ಅವಿವೇಕದಿಂದ ಬರುತ್ತವೆ: ಉಬ್ಬಸ, ಒಗ್ಗದಿಕೆ, ಕರುಳಿನ ಹುಣ್ಣು, ಸಂಧಿಗಳ ಊತ ಇವುಗಳಲ್ಲೆಲ್ಲ ದೇಹದ ರಕ್ಷಕರು ಶತ್ರುವಲ್ಲದ್ದನ್ನು ಶತ್ರುವೆಂದು ಭ್ರಮಿಸಿ ಕೈಮಾಡುತ್ತಾರೆ. ಪ್ರತಿಕಾಯಗಳನ್ನು ಸ್ರವಿಸುವ ಕಣಗಳಲ್ಲಿ ಅತ್ಯಧಿಕ ಸಂಖ್ಯೆಯವು ಕರುಳಿನ ಗೋಡೆಯಲ್ಲಿಯೇ ವಾಸವಾಗಿವೆ. ದಿನವೂ ನಾನಾ ಬಗೆಯ ಆಹಾರವೂ ಕೋಟ್ಯನುಕೋಟಿ ಅಣುಜೀವಿಗಳೂ ಎದುರಾಗುವ ಆ ಸ್ಥಳದಲ್ಲಿ ಮುಖ್ಯವಾಗಿ ಬೇಕಾದ ಗುಣ ಸಂಯಮ. ಆ ಸಂಯಮವನ್ನು ಕಾಪಾಡುವ ನಿಯಂತ್ರಕ ಟಿ-ಕಣಗಳನ್ನು ಜಪಾನಿನ ಶಿಮೋನ್ ಸಕಾಗುಚಿಯವರು ಗುರುತಿಸಿದ್ದು, ಪ್ರೀಬಯಾಟಿಕ್ ಎಂಬ ಹೆಸರು ಹುಟ್ಟಿದ ಅದೇ ೧೯೯೫ರಲ್ಲಿ. ಅದಕ್ಕಾಗಿ ೨೦೨೫ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ಒಂದನ್ನೊಂದು ಅರಿಯದ ಈ ಎರಡು ವಿಚಾರಧಾರೆಗಳು ೨೦೧೩ರಲ್ಲಿ ಬಂದು ಕೂಡಿದುವು. ಆ ವರ್ಷ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಪ್ರತ್ಯೇಕವಾಗಿ ದುಡಿದ ಮೂರು ತಂಡಗಳು, ನಾರಿನಿಂದ ಬ್ಯಾಕ್ಟೀರಿಯಗಳು ತಯಾರಿಸಿದ ಸಣ್ಣ ಆಮ್ಲಗಳು ಇಲಿಗಳ ದೊಡ್ಡ ಕರುಳಿನಲ್ಲಿ ನಿಯಂತ್ರಕ ಕಣಗಳ ವೃದ್ಧಿಗೆ ಕಾರಣವಾಗುತ್ತವೆಂದು ಪ್ರಕಟಿಸಿದುವು. ಬ್ಯುಟಿರೇಟ್ ಎಳೆಯ ಟಿ-ಕಣದೊಳಕ್ಕೆ ಹೊಕ್ಕು, ಅದರ ವಂಶವಾಹಿಗಳನ್ನು ಬಿಗಿದು ಮುಚ್ಚಿಡುವ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ಸಂಯಮದ ವಂಶವಾಹಿ ತೆರೆದುಕೊಳ್ಳುತ್ತದೆ. ತಿಂದವನಿಗೆ ಜೀರ್ಣವಾಗದ ನಾರು ಅವನ ರಕ್ಷಕಕಣಗಳಿಗೆ ವಿವೇಕವನ್ನು ಕಲಿಸುವ ಬಗೆ ಇದು.

ನಾರು ಒದಗದಿದ್ದರೆ ಅಣುಜೀವಿಗಳು ಉಪವಾಸ ಮಲಗುತ್ತವೆಯೇ? ಇಲ್ಲ. ಮಿಶಿಗನ್ ವಿಶ್ವವಿದ್ಯಾನಿಲಯದವರು ೨೦೧೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನುಷ್ಯನ ಕರುಳಿನಿಂದ ಆಯ್ದ ೧೪ ಬಗೆಯ ಬ್ಯಾಕ್ಟೀರಿಯಗಳನ್ನು ಮಾತ್ರ ಹೊತ್ತ ಇಲಿಗಳಿಗೆ ನಾರಿಲ್ಲದ ಆಹಾರವನ್ನು ಕೊಡಲಾಗಿ, ಅವು ಕರುಳಿನ ಗೋಡೆಯನ್ನು ರಕ್ಷಿಸುವ ಲೋಳೆಯ ಪದರವನ್ನೇ ತಿನ್ನತೊಡಗಿದುವು. ಪದರ ಸವೆದ ಮೇಲೆ ರೋಗಾಣುವೊಂದನ್ನು ಒಳಗೆ ಬಿಟ್ಟರೆ ಅದು ಸಲೀಸಾಗಿ ಗೋಡೆಯವರೆಗೂ ಹೋಗಿ ಇಲಿಗಳನ್ನು ಕಂಗೆಡಿಸಿತು. ಇಲಿಗೆ ಆದದ್ದು ಮನುಷ್ಯನಿಗೂ ಹಾಗೆಯೇ ಆಗುತ್ತದೆಂದು ಶಪಥಮಾಡಿ ಹೇಳಲಾಗದು. ಆದರೂ ಕೂನೂರಿನ ಕೋತಿಗಳನ್ನು ಈ ಪ್ರಯೋಗ ನೆನಪಿಗೆ ತರುತ್ತದೆ.

ರಾಗಿಯ ವಿಶೇಷ ಬೇರೊಂದು ಕಡೆ ಇದೆಯೆಂದೆನಷ್ಟೆ. ಕಣದಲ್ಲಿ ತೆನೆಯ ಮೇಲೆ ಗುಂಡು ಉರುಳಿಸಿ, ತೂರಿ, ಹೊಟ್ಟನ್ನು ಗಾಳಿಗೆ ಬಿಟ್ಟಮೇಲೆ ಉಳಿಯುವ ಕೆಂಗಂದು ಕಾಳನ್ನು ಅಂಗೈಯಲ್ಲಿಟ್ಟು ನೋಡಿದರೆ, ಅದರ ಬಣ್ಣವೆಲ್ಲ ಒಂದು ತೆಳುವಾದ ಸಿಪ್ಪೆಯಲ್ಲಿದೆ. ಒಳಗಿನ ತಿರುಳು ಬಿಳಿಯ ಹಿಟ್ಟು. ಈ ಸಿಪ್ಪೆ ತಿರುಳಿಗೆ ಎಷ್ಟು ಬಿಗಿಯಾಗಿ ಅಂಟಿಕೊಂಡಿದೆಯೆಂದರೆ, ಕಾಳು ಬಲು ಸಣ್ಣದಾಗಿಯೂ ತಿರುಳು ಮೆದುವಾಗಿಯೂ ಇರುವುದರಿಂದ, ಅಕ್ಕಿಯಂತೆ ಅದನ್ನು ಹೊಳಪುಮಾಡಲು ನಮ್ಮ ಹಿರಿಯರಿಗೆ ಸಾಧ್ಯವಾಗಲಿಲ್ಲ. ಸಿಪ್ಪೆಸಮೇತ ಬೀಸಿ ಉಂಡರು. ಅಸಾಮರ್ಥ್ಯವೂ ಒಮ್ಮೊಮ್ಮೆ ಉಪಕಾರಿಯಾಗುತ್ತದೆ. ಆ ಕೆಂಗಂದು ಬಣ್ಣವೇ ಪಾಲಿಫೀನಾಲುಗಳ ಗುರುತು. ಗಿಡ ತನ್ನನ್ನು ಬೂಷ್ಟಿನಿಂದ, ಕೀಟಗಳಿಂದ, ಬಿಸಿಲಿನ ಝಳದಿಂದ ಕಾಪಾಡಿಕೊಳ್ಳಲು ತಯಾರಿಸುವ ಒಗರಿನ ದ್ರವ್ಯಗಳು ಇವು. ನೇರಳೆಯ ಬಣ್ಣ, ನೆಲ್ಲಿಯ ಒಗರು, ದಾಳಿಂಬೆಯ ಸಿಪ್ಪೆಯ ಕಹಿ ಎಲ್ಲವೂ ಈ ಕುಲಕ್ಕೆ ಸೇರಿದವು. ಬಿಳಿ ರಾಗಿಯಲ್ಲಿ ಇವು ಸ್ವಲ್ಪ, ಕಂದು ರಾಗಿಯಲ್ಲಿ ಬಹಳ.

ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಚೆಲುವಾಂಬಾ ಮಂದಿರದಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಲಾಗಾಯ್ತು ರಾಗಿಯನ್ನು ಕುರಿತು ನಡೆಸಿಕೊಂಡು ಬಂದ ಕೆಲಸವನ್ನು ಇಲ್ಲಿ ಸ್ಮರಿಸುವುದು ಉಚಿತ. ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರಮ್ಮಿನಲ್ಲಿ, ಜನರ ಬಾಯಲ್ಲಿ ರಾಗಿ ಲಕ್ಷ್ಮಣಯ್ಯನೆಂದೇ ಪ್ರಸಿದ್ಧರಾದ ಪುಣ್ಯಾತ್ಮರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರಷ್ಟೆ. ಆ ಸಾಲಿನ ಹದಿನೈದನೆಯದನ್ನು ತೆಗೆದುಕೊಂಡು ಸುಬ್ಬರಾವ್ ಮತ್ತು ಮುರಳೀಕೃಷ್ಣ ಎಂಬ ಮೈಸೂರಿನ ಈ ಸಂಸ್ಥೆಯ ವಿಜ್ಞಾನಿಗಳು ೨೦೦೨ರಲ್ಲಿ ಅದರ ಫೀನಾಲಿಕ್ ಆಮ್ಲಗಳನ್ನು ವಿಂಗಡಿಸಿ ತೋರಿಸಿದರು. ಅವುಗಳಲ್ಲಿ ಕೆಲವು ಬಿಡಿಯಾಗಿರುವುವು, ಕೆಲವು ನಾರಿಗೆ ಕಟ್ಟುಬಿದ್ದಿರುವುವು. ಕಟ್ಟುಬಿದ್ದವುಗಳಲ್ಲಿ ಪ್ರಧಾನವಾದುದು ಫೆರುಲಿಕ್ ಆಮ್ಲ. ನಮ್ಮ ವಿಷಯಕ್ಕೆ ಇದು ಬಹುಮುಖ್ಯವಾದ ಸಂಗತಿ. ಬಿಡಿಯಾಗಿರುವುದರಲ್ಲಿ ಒಂದಿಷ್ಟು ಸಣ್ಣ ಕರುಳಿನಲ್ಲಿಯೇ ರಕ್ತವನ್ನು ಸೇರೀತು. ನಾರಿಗೆ ಕಟ್ಟುಬಿದ್ದ ಆಮ್ಲ ಮಾತ್ರ ನಾರಿನ ಸಂಗಡವೇ ಪ್ರಯಾಣಮಾಡಿ ದೊಡ್ಡ ಕರುಳನ್ನು ತಲುಪಿ, ಅಲ್ಲಿ ಬ್ಯಾಕ್ಟೀರಿಯಗಳು ಆ ಕಟ್ಟನ್ನು ಬಿಚ್ಚಿದಾಗಲೇ ಬಿಡುಗಡೆ ಹೊಂದುತ್ತದೆ. ನಾರು ಅಣುಜೀವಿಗಳ ಅನ್ನವಾಗುತ್ತದೆ, ಬಿಡುಗಡೆಯಾದ ಆಮ್ಲ ಅಲ್ಲಿಯೇ ಗೋಡೆಯ ಬಳಿ ಉರಿಯೂತವನ್ನು ತಗ್ಗಿಸುವ ಕೆಲಸಕ್ಕೆ ಒದಗುತ್ತದೆ. ಪುಸ್ತಕಗಳಲ್ಲಿ ನಾರಿಗೊಂದು, ಪಾಲಿಫೀನಾಲಿಗೊಂದು ಎಂದು ಬೇರೆ ಬೇರೆ ಅಧ್ಯಾಯಗಳಿರುತ್ತವೆ. ರಾಗಿಯ ಸಿಪ್ಪೆಯಲ್ಲಿ ಅವೆರಡೂ ಒಂದೇ ಹೆಣಿಗೆ.

ಪಾಲಿಫೀನಾಲುಗಳ ವೃತ್ತಾಂತವೂ ನಾರಿನದರಂತೆಯೇ. ತಿಂದದ್ದರಲ್ಲಿ ನೂರಕ್ಕೆ ತೊಂಬತ್ತು ಭಾಗ ಸಣ್ಣ ಕರುಳಿನಲ್ಲಿ ಹೀರಲ್ಪಡದೆ ಮುಂದಕ್ಕೆ ಹೋಗುತ್ತದೆ. ಆದುದರಿಂದ ಅವು ದೇಹಕ್ಕೆ ನಿಷ್ಪ್ರಯೋಜಕವೆಂದು ಒಂದು ಕಾಲಕ್ಕೆ ವಾದವಿತ್ತು. ದೊಡ್ಡ ಕರುಳಿನಲ್ಲಿ ಅವು ಎರಡು ಬಗೆಯಾಗಿ ವರ್ತಿಸುತ್ತವೆ: ಕೆಲವು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ಹತ್ತಿಕ್ಕಿ ಕೆಲವಕ್ಕೆ ಎಡೆಮಾಡಿಕೊಡುತ್ತವೆ, ಉಳಿದವುಗಳಿಂದ ತಾವೇ ಒಡೆಸಿಕೊಂಡು, ಹೀರಲು ಬರುವಂಥ ಸಣ್ಣ ರೂಪವನ್ನು ತಾಳುತ್ತವೆ. ಲೋಳೆಯ ಪದರದಲ್ಲಿ ವಾಸಮಾಡುವ, ೨೦೦೪ರಲ್ಲಿ ಹಾಲೆಂಡಿನ ವಾಗೆನಿಂಗನ್ನಿನಲ್ಲಿ ಗುರುತಿಸಲ್ಪಟ್ಟ ಅಕರ್ಮಾನ್ಸಿಯ ಎಂಬ ಬ್ಯಾಕ್ಟೀರಿಯ, ದ್ರಾಕ್ಷಿಯ ಪಾಲಿಫೀನಾಲುಗಳನ್ನು ತಿನ್ನಿಸಿದ ಇಲಿಗಳಲ್ಲಿ ಹೆಚ್ಚಿದುದನ್ನು ೨೦೧೫ರಲ್ಲಿ ಕಂಡಿದ್ದಾರೆ. ದಾಳಿಂಬೆಯ ಒಗರನ್ನು ಯೂರೊಲಿಥಿನ್ ಎಂಬ ವಸ್ತುವಾಗಿ ಮಾರ್ಪಡಿಸುವ ಅಣುಜೀವಿಗಳು ಕೆಲವರ ಕರುಳಿನಲ್ಲಿರುತ್ತವೆ, ಕೆಲವರಲ್ಲಿ ಇರುವುದೇ ಇಲ್ಲ. ಒಂದೇ ಹಣ್ಣನ್ನು ಹಂಚಿಕೊಂಡು ತಿಂದ ಅಣ್ಣತಮ್ಮಂದಿರಿಬ್ಬರಿಗೆ ಫಲ ಬೇರೆ ಬೇರೆಯಾಗಬಹುದು.

ಸ್ತುತಿಯೊಡನೆ ದೋಷವನ್ನೂ ಹೇಳದಿದ್ದರೆ ಭಾಷಣ ಜಾಹೀರಾತಾದೀತು. ಅದೇ ಒಗರು, ಅದೇ ಸಿಪ್ಪೆಯಲ್ಲಿರುವ ಫೈಟೇಟ್, ಕಬ್ಬಿಣವನ್ನು ಹಿಡಿದುಕೊಂಡು ದೇಹಕ್ಕೆ ದಕ್ಕಗೊಡುವುದಿಲ್ಲ. ರಕ್ತಹೀನತೆಯಿಂದ ಬಳಲುವ ಹೆಣ್ಣುಮಕ್ಕಳು ಹೆಚ್ಚಾಗಿರುವ ನಮ್ಮ ನಾಡಿನಲ್ಲಿ ಇದನ್ನು ಲಘುವಾಗಿ ಕಾಣುವಂತಿಲ್ಲ. ಪರಿಹಾರಗಳು ಅಡುಗೆಮನೆಯಲ್ಲಿಯೇ ಉಂಟು: ನಿಂಬೆ, ನೆಲ್ಲಿಗಳ ಹುಳಿ ಕಬ್ಬಿಣವನ್ನು ಬಿಡಿಸಿಕೊಡುತ್ತದೆ, ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದರೆ ಫೈಟೇಟ್ ಕಡಿಮೆಯಾಗುತ್ತದೆ, ಕಟ್ಟುಬಿದ್ದ ಆಮ್ಲಗಳಲ್ಲಿಯೂ ಒಂದು ಭಾಗ ಬಿಡಿಯಾಗುತ್ತದೆ. ಎಳೆಗೂಸುಗಳಿಗೆ ಕೊಡುವ ರಾಗಿಸರಿಯ ಮರ್ಮ ಇದೇ. ಮೈಸೂರಿನ ಅದೇ ಸಂಸ್ಥೆಯ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ೧೯೮೨ರಲ್ಲಿ ಮೊಳೆಯಿಸಿದ ರಾಗಿ ಮತ್ತು ಹೆಸರುಕಾಳುಗಳಿಂದ ಶಿಶು ಆಹಾರವನ್ನು ರೂಪಿಸಿದಾಗ, ಅಜ್ಜಿಯಂದಿರ ವಿದ್ಯೆಗೆ ಪ್ರಯೋಗಶಾಲೆಯ ಮುದ್ರೆ ಬಿತ್ತು.

ಡೆಂಕಣಿಕೋಟೆಯ ಕಡೆಯ ಒಂದು ಒಕ್ಕಲುಮನೆಯ ಊಟವನ್ನು ಹತ್ತಿರದಿಂದ ನೋಡೋಣ. ಎಸರು ಮರಳುವಾಗ ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹುಯ್ದು, ಅದು ಉಕ್ಕಿಬಂದಾಗ ಉಳಿದ ಹಿಟ್ಟನ್ನು ಸುರಿದು, ಬೆಂದ ಮೇಲೆ ಗಡಿಗೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು ಗಂಟುಕಟ್ಟದಂತೆ ತಿರುವಿದ ಮುದ್ದೆ. ಜೊತೆಗೆ ಹುರುಳಿಯನ್ನು ಬೇಯಿಸಿ ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿಗಳ ಖಾರವನ್ನು ಬೆರೆಸಿದ ಉಪ್ಸಾರು. ಬಸಿದುಳಿದ ಕಾಳಿಗೆ ಹೊಲದ ಬೆರಕೆ ಸೊಪ್ಪನ್ನು ಹಾಕಿ ಒಗ್ಗರಿಸಿದ ಪಲ್ಯ. ಹುರುಳಿ ಈ ಸೀಮೆಯ ಹೆಮ್ಮೆಯ ಬೆಳೆ. ಕಾವೇರಿಪಟ್ಟಣದ ಬಳಿಯ ಪೈಯೂರಿನಲ್ಲಿರುವ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನ ಕೇಂದ್ರದವರು ತಮ್ಮ ಊರಿನ ಹೆಸರಿನಲ್ಲಿಯೇ ಹುರುಳಿಯ ತಳಿಗಳನ್ನು ಹೊರತಂದಿದ್ದಾರೆ. ಹುರುಳಿ ಅವರೆಗಳನ್ನು ತಿಂದರೆ ವಾಯುವಾಗುತ್ತದೆಂಬ ದೂರನ್ನು ಸಂಕೋಚವಿಲ್ಲದೆ ಇಲ್ಲಿ ಎತ್ತಿಕೊಳ್ಳಬಹುದು. ಆ ಕಾಳುಗಳಲ್ಲಿರುವ ರಾಫಿನೋಸ್ ಬಗೆಯ ಸಕ್ಕರೆಗಳು ನಮಗೆ ಜೀರ್ಣವಾಗದೆ ದೊಡ್ಡ ಕರುಳನ್ನು ಸೇರಿ ಅಲ್ಲಿ ಹುಳಿಯುವುದರಿಂದಲೇ ವಾಯು; ಕಿರುಕುಳವೂ ಉಪಕಾರವೂ ಒಂದೇ ಕ್ರಿಯೆಯ ಎರಡು ಮುಖಗಳು. ಅಭ್ಯಾಸವಿಲ್ಲದವರು ಒಮ್ಮೆಲೇ ಬಹಳ ತಿನ್ನದೆ, ನೀರನ್ನು ಧಾರಾಳವಾಗಿ ಕುಡಿಯುತ್ತ, ವಾರಗಳ ಅವಧಿಯಲ್ಲಿ ಮೆಲ್ಲಮೆಲ್ಲಗೆ ಹೆಚ್ಚಿಸಿಕೊಂಡರೆ ಕರುಳಿನ ಒಕ್ಕಲು ಹೊಂದಿಕೊಳ್ಳುತ್ತದೆ. ಕರುಳಿನ ಕಾಯಿಲೆಯೇ ಉಳ್ಳವರು ವೈದ್ಯರನ್ನು ಕೇಳದೆ ಈ ಪ್ರಯೋಗಕ್ಕೆ ಇಳಿಯಬಾರದು.

ರಾತ್ರಿ ಉಳಿದ ಮುದ್ದೆಯನ್ನು ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿಯನ್ನು ಕಡಿದುಕೊಂಡು ಕುಡಿದು ಹೊಲಕ್ಕೆ ಹೋಗುವ ರೂಢಿ ಅಂಚೆಟ್ಟಿಯ ಕಡೆಯ ಹಳಬರಲ್ಲಿತ್ತು. ಬೆಂದ ಪಿಷ್ಟ ಆರಿದಾಗ ಅದರಲ್ಲಿ ಒಂದು ಭಾಗ ಮತ್ತೆ ಬಿಗಿದುಕೊಂಡು ಕಿಣ್ವಗಳಿಗೆ ಮಣಿಯದಂತಾಗುತ್ತದೆ. ಇಂಥ ಹಟಮಾರಿ ಪಿಷ್ಟವೂ ನಾರಿನ ಕೆಲಸವನ್ನೇ ಮಾಡುತ್ತದೆ. ಈರುಳ್ಳಿಯಲ್ಲಿ ಇನುಲಿನ್ ಜಾತಿಯ ನಾರುಂಟು. ಮಜ್ಜಿಗೆಯಲ್ಲಿ ಜೀವಂತ ಅಣುಜೀವಿಗಳೇ ಇವೆ. ಈ ಕೊನೆಯ ಅಂಶಕ್ಕೆ ಬೆಲೆಯಿದೆಯೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ೨೦೨೧ರ ಪ್ರಯೋಗ ತೋರಿಸುತ್ತದೆ. ಆರೋಗ್ಯವಂತರಾದ ೩೬ ಮಂದಿಯಲ್ಲಿ ಅರ್ಧದಷ್ಟು ಜನ ಹತ್ತು ವಾರಗಳ ಕಾಲ ನಾರನ್ನು ಹೆಚ್ಚಿಸಿಕೊಂಡರು, ಉಳಿದವರು ಮೊಸರು ಮೊದಲಾದ ಹುಳಿಯಿಸಿದ ಆಹಾರವನ್ನು ಹೆಚ್ಚಿಸಿಕೊಂಡರು. ಹುಳಿಯ ಪಂಗಡದಲ್ಲಿ ಅಣುಜೀವಿಗಳ ವೈವಿಧ್ಯ ಹೆಚ್ಚಿ, ಉರಿಯೂತವನ್ನು ಸೂಚಿಸುವ ೧೯ ಪ್ರೋಟೀನುಗಳು ತಗ್ಗಿದುವು. ನಾರಿನ ಪಂಗಡದಲ್ಲಿ ಫಲ ಎಲ್ಲರಿಗೂ ಒಂದೇ ಸಮನಾಗಿರಲಿಲ್ಲ. ಮೊದಲೇ ವೈವಿಧ್ಯ ಕುಂದಿದ್ದವರಿಗೆ ನಾರಿನಿಂದ ಅಷ್ಟು ಉಪಕಾರ ಕಾಣಲಿಲ್ಲ. ಉಣ್ಣತಕ್ಕವರೇ ಇಲ್ಲದ ಮನೆಯಲ್ಲಿ ಎಷ್ಟು ಬಡಿಸಿದರೇನು?

ಈ ಉಣ್ಣತಕ್ಕವರು ಹೋಗುವುದು ಹೇಗೆಂಬುದನ್ನೂ ಅದೇ ವಿಶ್ವವಿದ್ಯಾನಿಲಯದವರು ೨೦೧೬ರಲ್ಲಿ ಇಲಿಗಳಲ್ಲಿ ಪರೀಕ್ಷಿಸಿದರು. ನಾರಿಲ್ಲದ ಆಹಾರದಿಂದ ಮೊದಲ ತಲೆಮಾರಿನಲ್ಲಿ ಕುಗ್ಗಿದ ಅಣುಜೀವಿಗಳು ನಾರನ್ನು ಕೊಟ್ಟೊಡನೆ ಬಹುಮಟ್ಟಿಗೆ ಚೇತರಿಸಿಕೊಂಡುವು. ಆದರೆ ಅದೇ ಆಹಾರದಲ್ಲಿ ನಾಲ್ಕು ತಲೆಮಾರು ಕಳೆದ ಮೇಲೆ, ಹೋದ ಜಾತಿಗಳು ನಾರಿನಿಂದ ಮರಳಲಿಲ್ಲ. ಈ ತಲೆಮಾರುಗಳ ಲೆಕ್ಕವನ್ನು ಹೊಸೂರಿನ ಸೀಮೆಗೆ ಹಚ್ಚಿ ನೋಡೋಣ. ಅಲ್ಲಿ ಕಾರ್ಖಾನೆಗಳು ಬಂದದ್ದು ಎಪ್ಪತ್ತು ಎಂಬತ್ತರ ದಶಕಗಳಲ್ಲಿ. ಪಡಿತರದ ಅಕ್ಕಿ ತಮಿಳುನಾಡಿನಲ್ಲಿ ಉಚಿತವಾದದ್ದು ೨೦೧೧ರ ಜೂನಿನಲ್ಲಿ. ಹಸಿದವನಿಗೆ ಅಕ್ಕಿ ಕೊಟ್ಟದ್ದನ್ನು ಹೊಟ್ಟೆ ತುಂಬಿದವನು ಆಕ್ಷೇಪಿಸುವುದು ಸಲ್ಲದು. ಆದರೂ ಅಜ್ಜ ಮುದ್ದೆಯನ್ನೂ, ಮಗ ಎರಡನ್ನೂ, ಮೊಮ್ಮಗ ಬಿಳಿಯ ಅನ್ನವನ್ನೂ ಪರೋಟವನ್ನೂ ಉಣ್ಣುವ ಮನೆಗಳು ಅಲ್ಲಿ ವಿರಳವಲ್ಲ. ಮೂರು ತಲೆಮಾರು ಅಲ್ಲಿಗೇ ಆಯಿತು. ಹೊಲದ ಕಡೆಗೂ ಇದೇ ಬದಲಾವಣೆ. ಹಿಂದೆ ರಾಗಿಯ ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳು ಇರುತ್ತಿದ್ದುವು. ಒಂದು ಬೆಳೆ ನೆಲಕ್ಕೆ ಬಿಟ್ಟದ್ದನ್ನು ಇನ್ನೊಂದು ಎತ್ತಿಕೊಳ್ಳುತ್ತಿತ್ತು, ಒಂದಕ್ಕೆ ಬಿದ್ದ ಹುಳು ಇನ್ನೊಂದಕ್ಕೆ ಸುಲಭವಾಗಿ ದಾಟುತ್ತಿರಲಿಲ್ಲ. ಕರುಳಿನ ಒಕ್ಕಲುತನವೂ ಅಕ್ಕಡಿ ಸಾಲಿನದೇ: ಒಂದು ಬ್ಯಾಕ್ಟೀರಿಯ ನಾರನ್ನು ಸೀಳಿ ಅಸಿಟೇಟನ್ನು ಬಿಟ್ಟರೆ, ಮತ್ತೊಂದು ಅದನ್ನು ತಿಂದು ಬ್ಯುಟಿರೇಟನ್ನು ಕೊಡುತ್ತದೆ. ಅಂಗಡಿಯಲ್ಲಿ ದೊರೆಯುವ ಒಂದೇ ಬಗೆಯ ನಾರಿನ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯುವುದಕ್ಕಿಂತ ನಾಲ್ಕು ಬಗೆಯ ಕಾಳು, ನಾಲ್ಕು ಬಗೆಯ ಸೊಪ್ಪನ್ನು ಉಣ್ಣುವುದು ಮೇಲೆಂದು ನಾನು ನಂಬಲು ಕಾರಣ ಇದು. ಢಾಕಾ ನಗರದ ಮೀರ್ಪುರದಲ್ಲಿ ಸೊರಗಿದ ಮಕ್ಕಳಿಗೆ ಕಡಲೆ, ನೆಲಗಡಲೆ, ಸೋಯಾ, ಬಾಳೆಕಾಯಿಗಳ ಹಿಟ್ಟನ್ನು, ಕರುಳಿನ ಅಣುಜೀವಿಗಳನ್ನು ಗಮನದಲ್ಲಿಟ್ಟು ಬೆರೆಸಿ ಕೊಟ್ಟಾಗ, ರೂಢಿಯ ಪೂರಕ ಆಹಾರಕ್ಕಿಂತ ಮಕ್ಕಳು ಚೆನ್ನಾಗಿ ಮೈಹಿಡಿದರೆಂದು ೨೦೨೧ರ ವರದಿ ಹೇಳುತ್ತದೆ.

ತಮಿಳುನಾಡು ಸರ್ಕಾರ ೨೦೨೩ರ ಮೇ ತಿಂಗಳಿನಿಂದ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳ ಪಡಿತರದಲ್ಲಿ ಎರಡು ಕಿಲೋ ಅಕ್ಕಿಗೆ ಬದಲಾಗಿ ಎರಡು ಕಿಲೋ ರಾಗಿಯನ್ನು ಕೊಡಲು ಆರಂಭಿಸಿತು. ಧರ್ಮಪುರಿ ಎಂದರೆ ಹೊಸೂರು ಈಗ ಸೇರಿರುವ ಕೃಷ್ಣಗಿರಿಯನ್ನೂ ೨೦೦೪ರವರೆಗೆ ಒಳಗೊಂಡಿದ್ದ ಜಿಲ್ಲೆ. ಧಾನ್ಯವನ್ನು ಕಾಳಿನ ರೂಪದಲ್ಲಿ ಕೊಟ್ಟರೆ ಮಿಷನ್ನಿನವನ ಬಳಿ ಸಿಪ್ಪೆಸಮೇತ ಬೀಸಿಸಿಕೊಳ್ಳಬಹುದು. ಪೇಟೆಯ ಪೊಟ್ಟಣಗಳಲ್ಲಿ ಬರುವ ನಯವಾದ ಹಿಟ್ಟನ್ನು ಜರಡಿಯಾಡಿ ತೌಡು ತೆಗೆದಿದ್ದರೆ, ಈವರೆಗೆ ನಾನು ವರ್ಣಿಸಿದ್ದರಲ್ಲಿ ಬಹುಭಾಗ ಎಮ್ಮೆಯ ಬಾನಿಗೆ ಹೋಯಿತೆಂದೇ ತಿಳಿಯಬೇಕು.

ಕೃಷ್ಣಗಿರಿಯ ಹೆಸರನ್ನು ಹೇಳಿ ಮಾವನ್ನು ಮರೆತರೆ ಆ ಊರಿನವರು ಕ್ಷಮಿಸಲಾರರು. ಟೆಕ್ಸಾಸಿನಲ್ಲಿ ಮಲಬದ್ಧತೆಯುಳ್ಳ ೩೬ ಜನರಲ್ಲಿ ಕೆಲವರಿಗೆ ದಿನಕ್ಕೆ ೩೦೦ ಗ್ರಾಂ ಮಾವನ್ನೂ, ಕೆಲವರಿಗೆ ಅಷ್ಟೇ ನಾರುಳ್ಳ ಪುಡಿಯನ್ನೂ ನಾಲ್ಕು ವಾರ ಕೊಟ್ಟು ನೋಡಿದಾಗ, ಮಾವನ್ನು ತಿಂದವರಿಗೇ ಹೆಚ್ಚು ಗುಣ ಕಂಡಿತೆಂದು ೨೦೧೮ರಲ್ಲಿ ಪ್ರಕಟವಾಯಿತು. ಹಣ್ಣಿನ ಪಾಲಿಫೀನಾಲುಗಳು ನಾರಿಗೆ ನೆರವಾದುವೆಂಬುದು ಪ್ರಯೋಗ ನಡೆಸಿದವರ ಊಹೆ. ಪ್ರಯೋಗ ಚಿಕ್ಕದು, ಆದುದರಿಂದ ಸಂಭ್ರಮವೂ ಚಿಕ್ಕದಾಗಿರಲಿ. ಆದರೆ ಮಾವಿನಲ್ಲಿಯೂ ನಾರು ಮತ್ತು ಒಗರುಗಳ ದೊಡ್ಡ ಪಾಲು ಇರುವುದು ಸಿಪ್ಪೆಯಲ್ಲಿ. ತೋತಾಪುರಿಯನ್ನು ಹಿಂಡಿ ತಿರುಳನ್ನು ಡಬ್ಬಗಳಲ್ಲಿ ತುಂಬಿ ಹೊರದೇಶಗಳಿಗೆ ಕಳುಹಿಸುವ ಕೃಷ್ಣಗಿರಿಯ ಕಾರ್ಖಾನೆಗಳ ಹಿತ್ತಿಲಿನಲ್ಲಿ ಹಂಗಾಮಿನುದ್ದಕ್ಕೂ ರಾಶಿ ಬೀಳುವುದು ಈ ಸಿಪ್ಪೆಯೂ ವಾಟೆಯೂ. ಒಣಗಿಸಿದ ಮಾವಿನ ಸಿಪ್ಪೆಯ ಪುಡಿಯಲ್ಲಿ ಅರ್ಧದಷ್ಟು ನಾರೇ ಇರುವುದೆಂದು ಮೈಸೂರಿನ ಆಹಾರ ಸಂಶೋಧನಾಲಯದವರು ೨೦೦೮ರಲ್ಲಿಯೇ ತೋರಿಸಿ, ಅದನ್ನು ಬಿಸ್ಕತ್ತಿನ ಹಿಟ್ಟಿಗೆ ನೂರಕ್ಕೆ ಹತ್ತರ ಪ್ರಮಾಣದಲ್ಲಿ ಬೆರೆಸಿದರೆ ರುಚಿ ಕೆಡುವುದಿಲ್ಲವೆಂದು ವರದಿ ಮಾಡಿದ್ದಾರೆ. ಮೈಸೂರಿನಿಂದ ಕೃಷ್ಣಗಿರಿಗೆ ಒಂದು ಹಗಲಿನ ಪ್ರಯಾಣ.